ಬ್ಯಾನರ್ ಕೆಳಗಿನ ಮುಖ

ಟಿಕ್.

ಅಷ್ಟೇ ಸದ್ದು. ನಡುರಾತ್ರಿ ದಾಟಿತ್ತು. ಕಣ್ಣು ಬಿಡುವ ಮೊದಲೇ ಸೊಲ್ಹಿಗೆ ಅದು ಏನೆಂದು ಗೊತ್ತಾಯಿತು.

"ಫೋಟೋ ತೆಗೆದ್ರಾ?"

"ಇಲ್ಲ ಟೀಚರ್."

"ಸದ್ದು ಬಂತು."

"ಈ ದೇಶದಲ್ಲಿ ಕದ್ದು ಫೋಟೋ ತೆಗೆಯೋಕೂ ಆಗಲ್ಲ." ಮುಯೊಂಗ್ ಫೋನನ್ನು ಜೇಬಿಗೆ ಸೇರಿಸಿದ. "ಇಲ್ಲಿ ಮಾರೋ ಫೋನಲ್ಲಿ ಈ ಸದ್ದು ಆರಿಸೋಕೇ ಆಗಲ್ಲ, ಎಲ್ಲ ಚಾಡಿಕೋರ ಫೋನೇ."

ಬೆಳಗಾದರೆ ಚಳಿಗಾಲಕ್ಕೆಂದು ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ದಿನ. ಮೊಕ್ಪೊ ಬಂದರಿನ ಹಿಂದಿನ ಓಣಿಯಲ್ಲಿದ್ದ 'ಬಿಸಿಲಂಗಳ' ಮಾನಸಿಕ ಆರೋಗ್ಯ ಕೇಂದ್ರದ ಅಂಗಳದ ತುಂಬ ಕೆಂಪು ರಬ್ಬರ್ ತೊಟ್ಟಿಗಳು. ಒಳಗೆ ಉಪ್ಪುನೀರು, ಸೀಳಿದ ಕೋಸು, ಅದು ತೇಲದಂತೆ ಮೇಲೆ ಅದುಮಿಟ್ಟ ಕಲ್ಲು. ನಡುರಾತ್ರಿ ಎದ್ದು ಒಮ್ಮೆ ಕೋಸನ್ನು ಮಗುಚದಿದ್ದರೆ ಅರ್ಧ ಉಪ್ಪು ಹಿಡಿದು ಅರ್ಧ ಸಪ್ಪೆ. ಅದಕ್ಕೆಂದೇ ಇಬ್ಬರೂ ಉಳಿದುಕೊಂಡಿದ್ದರು. ಸಂಜೆ ತಾನೇ ಕಟ್ಟಿದ, ಕೇಂದ್ರಕ್ಕೆ ಹಣ ಕೊಡುವ ಫೌಂಡೇಷನ್ನಿನ ಬ್ಯಾನರ್ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಲ್ಹಿಗೆ ನಿದ್ದೆ ಹತ್ತಿತ್ತು.

"ಡಿಲೀಟ್ ಮಾಡಿ. ನನ್ನ ಬಾಯಿ ತೆರೆದಿತ್ತು."

"ಜಾಸ್ತಿ ಏನಿಲ್ಲ. ಒಂದು ಸಿಗಡಿ ನುಗ್ಗೋವಷ್ಟು."

"ಇಲ್ಲಿ ಯಾರೂ ಸ್ವಂತ ಫೋನಲ್ಲಿ ಫೋಟೋ ತೆಗೀಬಾರದು ಅಂತ ನಿಯಮ ಇದೆ, ಮೇಷ್ಟ್ರೇ."

"ಬರೆದವರು ನೀವೇ, ಗೊತ್ತು. ಆದ್ರೆ ನೋಡಿ, ಬ್ಯಾನರ್ ಪೂರ್ತಿ ಬಂದಿದೆ. ವರದಿಗೆ ಆಗುತ್ತೆ."

ಕೇಂದ್ರದಲ್ಲಿ ಯಾರೂ ಪಾಠ ಹೇಳುತ್ತಿರಲಿಲ್ಲ. ಆದರೂ ಎಲ್ಲರೂ ಒಬ್ಬರಿಗೊಬ್ಬರು ಟೀಚರ್, ಮೇಷ್ಟ್ರು. ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಈಗ ವರದಿ ಎಂಬ ಮಾತು ಕೇಳಿದ್ದೇ ಎದ್ದು ತೊಟ್ಟಿಯ ಬಳಿ ಹೋದಳು.

ದಾನಿಗಳಿಗೆ ಅರ್ಜಿ ಬರೆಯುವುದು, ಅನುದಾನ ತರುವುದು, ತಂದದ್ದಕ್ಕೆ ಸಾಕ್ಷಿ ಕಳಿಸುವುದು ಅವಳ ಕೆಲಸ. ಮುಯೊಂಗ್ ನಾಲ್ಕು ವರ್ಷದ ಹಿಂದೆ ಕಾಯಿಲೆಯವನಾಗಿ ಇಲ್ಲಿಗೆ ಬಂದವನು. ಈಗ ಕೋಣೆ ಬಿಟ್ಟು ಹೊರಬರಲಾರದವರ ಬಾಗಿಲಾಚೆ ಕೂತು, ಅವರು ಬಾಗಿಲು ತೆರೆಯುವವರೆಗೂ ಮಾತಾಡುತ್ತಿರುವುದು ಅವನ ಉದ್ಯೋಗ. ಆ ಸಂಬಳವೂ ಅನುದಾನದ್ದೇ. ಮೆಟ್ಟಿಲ ಮೇಲೆ ಅವನ ನಗು ಕೇಳಿದರೆ ಸೊಲ್ಹಿಯ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಡುತ್ತಿತ್ತು. ಅದೇ ಬೆರಳಿನಿಂದ ಆ ಸಂಜೆ ಅವಳು ಬರೆದಿದ್ದಳು: 'ಫಲಾನುಭವಿ ಮ. ವರ್ಷಗಟ್ಟಲೆ ಕೋಣೆಯಿಂದ ಹೊರಬರದವರು ಈಗ ನಗುತ್ತಾರೆ.' ಬರೆದ ಮೇಲೆ ಎದ್ದುಹೋಗಿ ಕೈ ತೊಳೆದುಕೊಂಡಿದ್ದಳು.

"ನನ್ನ ಬಗ್ಗೆ ಏನ್ ಬರೆದ್ರಿ?" ಅವನು ಕೋಸು ಮಗುಚುತ್ತಲೇ ಕೇಳಿದ.

"ನಗ್ತೀರಿ ಅಂತ."

"ಯಾರನ್ನ ನೋಡಿದಾಗ ಅಂತ ಬರೀಲಿಲ್ವಾ?"

ಸೊಲ್ಹಿ ತೊಟ್ಟಿಯೊಳಗೆ ಕಣ್ಣು ನೆಟ್ಟಳು. ಕಿವಿ ಬಿಸಿಯಾದದ್ದು ಆ ಮಂದ ಬೆಳಕಿನಲ್ಲೂ ಕಂಡಿತೇನೋ ಎಂಬ ಭಯ.

"ನಾಳೆ ಫೋಟೋಗೆ ನಿಮ್ಮ ಮುಖ ಬೇಕಂತೆ," ಅವಳು ಮಾತು ತಿರುಗಿಸಿದಳು. "ಹೋದ ವರ್ಷ ಬರೀ ಬೆನ್ನುಗಳನ್ನ ಕಳಿಸಿದ್ವಿ ಅಂತ ಫೌಂಡೇಷನ್ನಿನವರು ಗೊಣಗಿದ್ರು."

"ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೀನಲ್ಲ."

"ಯಾಕೆ ಹಾಕಿದ್ರಿ?"

"ಹಾಕದೇ ಇದ್ರೆ ನಿಮ್ಮ ಅರ್ಜಿ ಬಿದ್ದುಹೋಗುತ್ತೆ. ನನ್ನ ಕೆಲಸನೂ." ಅವನು ಒಂದು ಕೋಸನ್ನು ಹಿಂಡಿ ಪಕ್ಕಕ್ಕಿಟ್ಟ. "ಆದ್ರೆ ಒಂದು ವಿಷಯ. ಅವರ ಕ್ಯಾಲೆಂಡರಲ್ಲಿ ಹಾಕ್ತಾರಂತೆ. ನಮ್ಮ ಮನೆ ಓನರಜ್ಜಿ ಅಡುಗೆಮನೇಲಿ ನೇತಾಡೋದು ಅದೇ ಕ್ಯಾಲೆಂಡರ್. ಕಾಯಿಲೆ ವಿಷಯ ಗೊತ್ತಾಗಿ ಈಗಾಗ್ಲೇ ಎರಡು ಕಡೆ ರೂಮ್ ಖಾಲಿ ಮಾಡಿಸಿದಾರೆ, ಟೀಚರ್."

ಕೊನೆಯ ತೊಟ್ಟಿಯವರೆಗೂ ಇಬ್ಬರೂ ಕೋಸು ಮಗುಚಿದರು.

ಬೆಳಗ್ಗೆ ಫೌಂಡೇಷನ್ನಿನ ಅಧ್ಯಕ್ಷರು ಹೊಸ ಏಪ್ರನ್ ತೊಟ್ಟು, ಕೆಂಪು ಕೈಗವಸು ಹಾಕಿಕೊಂಡು ಬಂದರು. ಒಂದೇ ಒಂದು ಕೋಸಿಗೆ ಮಸಾಲೆ ಸವರಿದರು. ಹುದುಗು ಬಂದ ಸಿಗಡಿ, ಬೆಳ್ಳುಳ್ಳಿ, ಖಾರದ ವಾಸನೆಯ ಮೇಲೆ ಅವರ ಸೆಂಟಿನ ವಾಸನೆ ಕೂತಿತು. ಕಿಮ್ಚಿ ಹಾಕುವಾಗ ಹಸಿ ಎಲೆಯೊಂದನ್ನು ಸುರುಳಿ ಸುತ್ತಿ ಪಕ್ಕದವರ ಬಾಯಿಗಿಡುವುದು ಮನೆಮನೆಯ ರೂಢಿ. ಅಧ್ಯಕ್ಷರಿಗೂ ಅದೇ ಫೋಟೋ ಬೇಕಿತ್ತು.

"ಈತನೇನಾ ಆ ಸಕ್ಸಸ್ ಕೇಸು?" ಅವರು ಮುಯೊಂಗ್‌ನನ್ನು ಬ್ಯಾನರ್ ಕೆಳಗೆ ನಿಲ್ಲಿಸಿಕೊಂಡರು. "ಬೆರಳು ಕಚ್ಚಲ್ಲ ತಾನೇ?"

ಎಲ್ಲರೂ ನಕ್ಕರು. ಕೇಂದ್ರದ ಮುಖ್ಯಸ್ಥೆ ಪ್ಯೋ ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು.

ಸೊಲ್ಹಿ ಕ್ಯಾಮರಾ ಎತ್ತಿದಳು. ಕೆಂಪು ಬೆರಳುಗಳು ಮುಯೊಂಗ್‌ನ ತುಟಿ ದಾಟಿ ಎಲೆಯನ್ನು ತುರುಕಿದವು.

"ಕಣ್ಣು ಮುಚ್ಚಿದ. ಇನ್ನೊಂದ್ ಸಲ."

ಮತ್ತೊಂದು ಎಲೆ.

"ನಗು ಸಾಲದು. ಖುಷಿ ಕಾಣ್ಬೇಕಪ್ಪಾ, ಖುಷಿ!"

ಮತ್ತೊಂದು. ಮೊದಲಿನದನ್ನು ನುಂಗಲೂ ಅವನಿಗೆ ಬಿಡುವಿರಲಿಲ್ಲ. ಗಲ್ಲದ ಮೇಲೆ ಮಸಾಲೆ ಇಳಿಯಿತು. ಅಧ್ಯಕ್ಷರು ಅದನ್ನು ಕೂಸಿನ ಬಾಯಿ ಒರೆಸುವಂತೆ ಹೆಬ್ಬೆರಳಿನಿಂದ ಒರೆಸಿದರು. ಮುಯೊಂಗ್ ಕ್ಯಾಮರಾ ನೋಡಿ ನಕ್ಕ. ಅವಳು ಬರೆದ ಹಾಗೆಯೇ ನಕ್ಕ. ಸೊಲ್ಹಿ ಹಲ್ಲು ಕಚ್ಚಿಕೊಂಡಳು. ಆದರೂ ಗುಂಡಿ ಒತ್ತುತ್ತಲೇ ಇದ್ದಳು. ಅಧ್ಯಕ್ಷರ ಬೆರಳಿಗಿಂತ ತನ್ನ ಬೆರಳೇ ಅವಳಿಗೆ ಹೆಚ್ಚು ಅಸಹ್ಯವೆನಿಸಿತು.

ಅಧ್ಯಕ್ಷರ ಕಾರು ಓಣಿ ದಾಟಿತು. ಅವರು ಕಳಚಿ ಎಸೆದ ಕೈಗವಸು ಇನ್ನೂ ಕೋಸಿನ ಮೇಲೆಯೇ ಬಿದ್ದಿತ್ತು.

ಇನ್ನೂ ಖಾಲಿಯಾಗದ ಕೊನೆಯ ತೊಟ್ಟಿಯ ಬಳಿ ಸೊಲ್ಹಿ ಹೋಗಿ ನಿಂತಳು. ಕ್ಯಾಮರಾದ ಬೆಲ್ಟನ್ನು ಮಣಿಕಟ್ಟಿನಿಂದ ಬಿಚ್ಚಿದಳು.

ದಡ್ ಎಂದು ಕಲ್ಲಿಗೆ ಬಡಿದು ಕ್ಯಾಮರಾ ಉಪ್ಪುನೀರಿನಲ್ಲಿ ಮುಳುಗಿತು. ಅವಳು ಮೊಣಕೈವರೆಗೂ ಕೈ ಇಳಿಸಿ ತಡಕಾಡಿದಳು. ನೀರಿನೊಳಗೇ ಪುಟ್ಟ ಮುಚ್ಚಳ ತೆರೆದು, ಮೆಮೊರಿ ಕಾರ್ಡನ್ನು ಹೊರಗೆಳೆದು, ಹೆಬ್ಬೆರಳಿನಿಂದ ಮುರಿದಳು.

"ಅಯ್ಯೋ! ಕೈಗೇನಾಗಿತ್ತೇ ನಿನಗೆ?" ಪ್ಯೋ ಮೇಡಂ ಓಡಿಬಂದರು.

"ಜಾರಿತು ಮೇಡಂ. ಕೈಗೆ ಮಸಾಲೆ ಹತ್ತಿತ್ತು."

"ಕಾರ್ಡು?"

"ಕಲ್ಲಿಗೆ ಬಡಿದು ಮುರಿದಿದೆ."

"ಒಂದೂ ಫೋಟೋ ಇಲ್ವಾ? ನಾಳೆ ಸಂಜೆಯೊಳಗೆ ಅರ್ಜಿ ಹೋಗ್ಬೇಕು! ನಿನ್ನ ನಿಯಮ ಅಂತ ಬೇರೆ ಯಾರೂ ಫೋನ್ ಮುಟ್ಟಿಲ್ಲ!"

"ಒಂದಿದೆ ಮೇಡಂ," ಮುಯೊಂಗ್ ಬಾಯಿ ಒರೆಸಿಕೊಳ್ಳುತ್ತ ಬಂದು ಫೋನ್ ಚಾಚಿದ.

ಮೇಡಂ ಕನ್ನಡಕ ಏರಿಸಿ ನೋಡಿದರು. "ಇದ್ಯಾರು, ಬಾಯಿ ತೆಗೆದುಕೊಂಡು ಬಿದ್ದಿರೋದು? ತಲೇಲಿ ಕೋಸಿನೆಲೆ ಬೇರೆ!"

"ಬ್ಯಾನರ್ ಪೂರ್ತಿ ಬಂದಿದೆ, ಮೇಡಂ."

"ಮುಖ ಬೇಕು ಅಂದಿದ್ರಲ್ಲ," ಸೊಲ್ಹಿ ಹೇಳಿದಳು. "ಅದರಲ್ಲಿ ಮುಖ ಇದೆ. ನನ್ನದೇ ಹಾಕಿ. ಕ್ಯಾಲೆಂಡರಿಗೂ ಅದನ್ನೇ ಕೊಡಿ."

"ಅರ್ಜಿ ಬಿದ್ರೆ ನಿನ್ನ ತಲೆಗೇ ಕಟ್ತೀನಿ, ನೆನಪಿಟ್ಕೋ." ಮೇಡಂ ಒಳಗೆ ಹೋಗಿ ಬಾಗಿಲು ಬಡಿದರು.

ಅಂಗಳದಲ್ಲಿ ಇಬ್ಬರೇ ಉಳಿದರು. ಮುಯೊಂಗ್ ನಲ್ಲಿ ತಿರುಗಿಸಿದ. ಮಂಜಿನಂಥ ನೀರಿನಲ್ಲಿ ಅವಳು ಕೈ ತೊಳೆದುಕೊಂಡಳು.

"ಆ ಬೆಲ್ಟನ್ನ ನೀವು ಯಾವಾಗ್ಲೂ ಎರಡು ಸುತ್ತು ಸುತ್ಕೊಳ್ತೀರಿ," ಅವನು ಮೆಲ್ಲಗೆ ಹೇಳಿದ. "ತಾನಾಗೇ ಜಾರಲ್ಲ ಅದು."

"ನನ್ನ ಮಣಿಕಟ್ಟು ನೋಡ್ತಾ ಕೂತಿದ್ರಾ?"

"ಮಣಿಕಟ್ಟಿಂದ ಶುರು. ನಾಲ್ಕು ವರ್ಷ ಆಯ್ತು."

ಅವಳು ನಲ್ಲಿ ನಿಲ್ಲಿಸಿದಳು. ಅವನು ತೊಟ್ಟಿಯಿಂದ ಕೋಸೊಂದನ್ನು ತೆಗೆದು ತೊಳೆದು, ಒಳಗಿನ ಹಳದಿ ಎಳೆ ಎಲೆ ಕಿತ್ತ. ಬರಿಗೈಯಲ್ಲೇ ತುಸು ಮಸಾಲೆ ಸವರಿ ಪುಟ್ಟದಾಗಿ ಸುತ್ತಿದ. ಅವಳ ಬಾಯಿಯ ಹತ್ತಿರ ತಂದು ತಡೆದು ನಿಂತ.

"ಕೊಡ್ಲಾ? ಬೇಡ ಅಂದ್ರೆ ಬೇಡ."

ಆ ವಾಸನೆಗೆ ಬೆಳಗಿನಿಂದ ಅವಳಿಗೆ ವಾಕರಿಕೆ. ಈಗಲೂ ಅದು ಪೂರ್ತಿ ಹೋಗಿರಲಿಲ್ಲ. ಅವಳು ಅವನ ಕಣ್ಣು ನೋಡಿದಳು. ಗಲ್ಲದ ಮೇಲೆ ಇನ್ನೂ ಉಳಿದಿದ್ದ ಕೆಂಪು ಕಲೆ ನೋಡಿದಳು. ಒದ್ದೆ ಬೆರಳಿನಿಂದ ಅದನ್ನು ಒರೆಸಿದಳು. ಆಮೇಲೆ ಬಾಯಿ ತೆರೆದಳು.

"ಒಂದು ಸಿಗಡಿ ನುಗ್ಗೋವಷ್ಟೇ," ಅವನು ಪಿಸುಗುಟ್ಟಿದ.

ಎಲೆ ಖಾರವಾಗಿತ್ತು. ಅವನು ನಗುತ್ತಿದ್ದ. ಯಾರೂ ನಗು ಎನ್ನದೆ, ಯಾರ ಕ್ಯಾಮರಾಕ್ಕೂ ಅಲ್ಲದೆ ನಗುತ್ತಿದ್ದ. ಒಳಗೆ ಹೋದ ಕೂಡಲೇ ಆ 'ಫಲಾನುಭವಿ ಮ' ಸಾಲನ್ನು ಅಳಿಸಬೇಕೆಂದುಕೊಂಡಳು.

"ಏನ್ ನಡೀತಿದೆ ಅಲ್ಲಿ?" ಕಿಟಕಿಯಿಂದ ಪ್ಯೋ ಮೇಡಂ ಕೂಗಿದರು.

ಇದಕ್ಕೆ ಫೋಟೋ ಇಲ್ಲ, ಬ್ಯಾನರ್ ಇಲ್ಲ. ಕ್ಯಾಮರಾ ಹೇಗೆ ಬಿತ್ತೆಂದಾಗಲೀ, ಆಮೇಲೆ ನಲ್ಲಿಯ ಬಳಿ ಏನಾಯಿತೆಂದಾಗಲೀ ಯಾರಿಗೂ ಹೇಳಬಾರದೆಂದು ಸೊಲ್ಹಿ ಅಲ್ಲೇ ತೀರ್ಮಾನಿಸಿದಳು.

"ಏನಿಲ್ಲ ಮೇಡಂ," ಎಂದಳು, ಬಾಯಿ ತುಂಬಿಕೊಂಡೇ.