ಪೇಟೆಬೀದಿಯ ದೇವಿ

"ಬ್ಯಾಸರ ಮಾಡ್ಕೋಬ್ಯಾಡ ಶಂಕರಪ್ಪ, ಆ ಡ್ರಾಯಿಂಗ್ ಮಾಸ್ತರ ನೌಕರಿ ನಮ್ಮ ಅಳಿಯಗ ಕೊಡಬೇಕಾತು," ಎಂದ ರುದ್ರಪ್ಪ, ಚಹಾ ಬಸಿಗೆ ಸುರುವಿಕೊಳ್ಳುತ್ತ.

ಅಳಿಯನಿಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಶಾಲೆಯ ಸಮಿತಿಯಲ್ಲಿದ್ದ ರುದ್ರಪ್ಪ ಆರು ವರ್ಷದಿಂದ ಆ ಕುರ್ಚಿ ನಿನ್ನದೇ ಎನ್ನುತ್ತ ಬಂದಿದ್ದ. ಅದನ್ನೇ ನಂಬಿ ಶಂಕರಪ್ಪ ಗಾಂಧಿಬಾಗಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತ ನಾಗಪುರದಲ್ಲೇ ಉಳಿದಿದ್ದ. ರಾಜಧಾನಿ ಅಲ್ಲಿಂದ ಭೋಪಾಲಕ್ಕೆ ಹೋದ ಮೇಲೆ ಸರಕಾರಿ ಬೋರ್ಡುಗಳೂ ಸಿಗುತ್ತಿರಲಿಲ್ಲ. ಅವನು ಗೋಡೆಯ ಮೇಲಿನ ಚಿತ್ರ ನೋಡಿದ.

ಹೋದ ಶತಮಾನದ ಪುಣೆಯ ಪೇಟೆಬೀದಿ: ಎತ್ತಿನ ಗಾಡಿ, ಮೇಣೆ, ಬಳೆಗಾರ್ತಿಯರು, ಕುದುರೆಯ ಮೇಲೊಬ್ಬ ಸಾಹೇಬ, ಮೂಲೆಯಲ್ಲಿ ಕಡ್ಡಿಪೆಟ್ಟಿಗೆಯಷ್ಟು ದೇವಿಯ ಗುಡಿ. ರುದ್ರಪ್ಪನ ಜೀವವೇ ಅದರಲ್ಲಿ, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮುಂಬೈಯಲ್ಲಿ ಅಂಥದನ್ನು ಕೊಳ್ಳಲು ಕಾದು ಕೂತವರಿದ್ದರು.

"ಚೌಕಟ್ಟಿಗೆ ಗೆದ್ದಲ ಹತ್ತೇತಿ ಅಣ್ಣಾ. ನನ್ನ ಕಡೆ ಕೊಡ್ರಿ, ಸಾಗವಾನಿದು ಹಾಕಿಸಿ ತರ್ತೀನಿ."

ನಕಲು ಮಾಡಲು ಎರಡು ತಿಂಗಳು ಹಿಡಿಯಿತು. ಹಳೆಯ ಕ್ಯಾನ್ವಾಸು ಹುಡುಕಿದ, ಬಣ್ಣಕ್ಕೆ ಹೊಗೆ ಹಿಡಿಸಿದ, ವೈಶಾಖದ ಬಿಸಿಲಲ್ಲಿ ಒಣಗಿಸಿದ. ನೊಣದ ಹಿಕ್ಕೆಯನ್ನೂ ಬಿಡಲಿಲ್ಲ. ಗುಡಿಯ ಮೇಲಿನ ಕೆಂಪು ಬೊಟ್ಟಿನ ಮುಂದೆ ಮಾತ್ರ ಒಂದು ಗಳಿಗೆ ತಡೆದ. ಅದು ಕುಂಚದ್ದಲ್ಲ, ಬೆರಳಿನಿಂದ ಒತ್ತಿದ್ದು. ಆ ಅಳಿಯ ಮಾಸ್ತರನಿಗೆ ಇದು ಕಂಡೀತೇ ಎಂದು ನಕ್ಕು, ತಾನೂ ಎಣ್ಣೆಬಣ್ಣದಲ್ಲಿ ಬೆರಳದ್ದಿ ಒತ್ತಿದ.

ಶುಕ್ರವಾರ ಮುಂಜಾನೆ ನಕಲನ್ನು ತಂದು ತೂಗುಹಾಕಿದ. ರುದ್ರಪ್ಪ ಕನ್ನಡಕ ಏರಿಸಿ ಮೂಲೆ ಮೂಲೆ ನೋಡಿ, ಚೌಕಟ್ಟು ಬರೋಬರ್ ಕೂತಿದೆ ಎಂದು ಬೆನ್ನು ತಟ್ಟಿ, ಸೈಕಲ್ಲಿಗೆ ಗಾಳಿ ಹೊಡೆಯಲು ಅಂಗಳಕ್ಕಿಳಿದ. ಅಸಲು ಚಿತ್ರ ಶಂಕರಪ್ಪನ ಹಾಸಿಗೆಯ ಸುರುಳಿಯಲ್ಲಿತ್ತು. ಮುಂಬೈಗೆ ಹೋಗುವ ಮಧ್ಯಾಹ್ನದ ಗಾಡಿಯ ಟಿಕೆಟ್ಟು ಕಿಸೆಯಲ್ಲಿತ್ತು.

ಅಷ್ಟರಲ್ಲಿ ರುದ್ರಪ್ಪನ ಹೆಂಡತಿ ಲಕ್ಷ್ಮವ್ವ ಒಳಗಿಂದ ಬಂದಳು. ಅಮಾವಾಸ್ಯೆಗೊಮ್ಮೆ ಶಂಕರಪ್ಪನಿಗೆ ಹೋಳಿಗೆ ಕಟ್ಟಿಕೊಡುತ್ತಿದ್ದ ಕೈಯಲ್ಲಿ ಈಗ ಕುಂಕುಮದ ಭರಣಿ, ಒಂದು ಒದ್ದೆ ಬಿಳಿ ಅರಿವೆ.

"ನಿಮ್ಮಣ್ಣಾರ ಮುಂದ ಹೇಳಬ್ಯಾಡಪಾ. ಈಕಿ ನನಗ ನಮ್ಮೂರ ಎಲ್ಲಮ್ಮ. ಶುಕ್ರವಾರಕ್ಕೊಮ್ಮೆ ಹಳೇ ಕುಂಕುಮ ಒರಸಿ ಹೊಸಾದು ಹಚ್ಚತೀನಿ. ಎರಡು ತಿಂಗಳು ತಪ್ಪಿತ್ತು ನೋಡು."

"ಆಮ್ಯಾಲೆ ಹಚ್ಚೀರಂತ, ವೈನಿ."

ಆಕೆ ಆಗಲೇ ಒರೆಸುತ್ತಿದ್ದಳು. ಮೊದಲು ಮೆಲ್ಲಗೆ, ಆಮೇಲೆ ಒತ್ತಿ. ಕೆಂಪು ಬೊಟ್ಟು ಇದ್ದಲ್ಲೇ ಇತ್ತು. ಅರಿವೆ ತಿರುವಿ ನೋಡಿದಳು, ಬೆಳ್ಳಗಿತ್ತು. ಶಂಕರಪ್ಪನ ಮುಖ ನೋಡದೆ ಭರಣಿಗೆ ಮುಚ್ಚಳ ಹಾಕಿ, ಹೊಸ್ತಿಲಿಗೆ ಹೋಗಿ ಗಂಡನ ಕಡೆ ಮುಖ ಮಾಡಿ ನಿಂತಳು. ಅಂಗಳದಲ್ಲಿ ಗಾಳಿ ಹೊಡೆಯುವ ಸದ್ದು ನಿಂತಿತು.