ತಿಂಗಳಿಗೆ ಬರ್ತೀನಿ ಅಂದವನು

"ಯಾರದು? ನಿಲ್ಲುಂಗ!"

ಆ ತಮಿಳು ಕೂಗಿಗೆ ವ್ಯಾಸರಾಯನ ಒಂದು ಕಾಲು ಮುಳ್ಳುಬೇಲಿಯ ಆಚೆ, ಒಂದು ಕಾಲು ಈಚೆ ನಿಂತುಬಿಟ್ಟಿತು. ಎದುರಿಗೆ ಕುಡುಗೋಲು ಹಿಡಿದ ಹುಡುಗಿ. ಅವಳ ಪಕ್ಕದಲ್ಲಿ ಕೊಂಬಾಡಿಸುವ ಕಾಂಗೇಯಂ ತಳಿಯ ಹೋರಿ!

"ಸುಮ್ನಿರಪ್ಪಾ ನೀನು. ಯಾವನೋ ಹುಚ್ಚ ಬಂದವ್ನೆ."

ಹೋರಿಗೆ ಹೇಳಿದ್ದು ಮಾತ್ರ ಮನೆಮಾತಾದ ಕನ್ನಡದಲ್ಲಿ.

"ಹುಚ್ಚನೇ ಸರಿ... ಆದ್ರೆ ಕನ್ನಡ ಅರ್ಥವಾಗುತ್ತೆ," ಎಂದ ವ್ಯಾಸರಾಯ.

ಆ ಹುಡುಗಿ, ಮಲ್ಲಿಗಾ, ನಾಲಿಗೆ ಕಚ್ಚಿಕೊಂಡಳು. ಅವಳ ಮನಸ್ಸು ಕೈತಪ್ಪಿದ್ದು ಆ ಗಳಿಗೆಯಲ್ಲೇ ಅನ್ನಿ!

ಅದು 1983. ವ್ಯಾಸರಾಯ ಮೈಸೂರಿನಿಂದ ಕೊಯಮತ್ತೂರಿಗೆ ಪಾಠ ಹೇಳಲು ಬಂದ ಮೇಷ್ಟ್ರು. ಭಾನುವಾರ ಬಂದರೆ ಯಾರೂ ಹತ್ತದ ಬೆಟ್ಟ ಹುಡುಕಿಕೊಂಡು ಹೊರಡುತ್ತಿದ್ದ. ಎಲ್ಲಿ ಬಸ್ಸಿಳಿಯಬೇಕು, ಯಾರ ಹೊಲ ದಾಟಬೇಕು, ನೀರೆಲ್ಲಿ, ಎಲ್ಲ ನೋಟ್‌ಬುಕ್ಕಿಗೆ ಇಳಿಯುತ್ತಿತ್ತು. ಕೊಕ್ಕುಮಲೆಗೆ ಇದ್ದದ್ದು ಒಂದೇ ದಾರಿ. ಅದು ಮಲ್ಲಿಗಾಳ ಅಪ್ಪ ಅಯ್ಯಾಸಾಮಿಯ ಹುಲ್ಲುಗಾವಲಿನೊಳಗೇ ಹೋಗುತ್ತಿತ್ತು.

ಮೇಕೆ ಮೇಯಿಸುವ ನೆಪದಲ್ಲಿ ಆರು ಭಾನುವಾರ ಅವಳೇ ಮುಂದೆ ನಡೆದಳು.

"ಇಲ್ಲಿ ಎಡಕ್ಕೆ ಹೋದ್ರೆ ಬಂಡೆ ಜಾರುತ್ತೆ. ಬರ್ಕಳಿ."

"ಬರ್ಕೊಂಡೆ."

"ಹೆಸ್ರು ಬರ್ದ್ರಾ?"

"ಬೆಟ್ಟದ್ದಾ?"

"ದಾರಿ ತೋರ್ಸಿದವಳ್ದು!"

ಆರನೇ ಭಾನುವಾರ ಬೆಟ್ಟದ ತುದಿಯಲ್ಲಿ ಅವನು ಅವಳ ಕೈ ಹಿಡಿದ.

"ಊರಿಗೆ ಹೋಗಿ ಅಮ್ಮನನ್ನ ಒಪ್ಪಿಸ್ತೀನಿ. ತಿಂಗಳಿಗೆ ಬರ್ತೀನಿ. ನಿಮ್ಮಪ್ಪನ್ನ ಕೇಳ್ತೀನಿ."

"ತಿಂಗಳ್ಗೇನಾ? ಸತ್ಯ?"

"ಸತ್ಯ."

ಎಂಟನೇ ದಿನ ಅವಳು ಹೂ ಮುಡಿದು ಬೇಲಿಯ ಬಳಿ ನಿಂತಳು. ಅವನು ಬರಲಿಲ್ಲ. ಹದಿನೈದನೇ ದಿನವೂ ಬರಲಿಲ್ಲ. ಇಪ್ಪತ್ತೆರಡನೇ ದಿನ ಸಂಜೆ ಅಪ್ಪ ಸೋಮನೂರಿನ ಸಂಬಂಧದ ಮಾತೆತ್ತಿದ. ಮಗ್ಗದ ಮನೆ, ಒಳ್ಳೆ ಹುಡುಗ ದೇವರಾಜನ್, ಇದೇ ವಾರ ಮುಹೂರ್ತ.

'ನನ್ನನ್ನ ಏಮಾರಿಸಿಬಿಟ್ಟ...' ಎಂದುಕೊಂಡು ಮಲ್ಲಿಗಾ ಕಣ್ಣೊರೆಸಿ "ಸರಿಪ್ಪಾ" ಎಂದಳು. ಅಯ್ಯೋ ಹುಡುಗಿ, ಇನ್ನೊಂದೇ ವಾರ ಕಾಯಬಾರದಿತ್ತೇ?

ದೇವರಾಜನ್ ಒಳ್ಳೆಯವನೇ. ಮೂರನೇ ವರ್ಷ ಕಾಮಾಲೆ ಅವನನ್ನು ಕೊಂಡೊಯ್ಯಿತು. ಮಲ್ಲಿಗಾ ಬರಿ ಹಣೆಯಲ್ಲಿ ತವರಿಗೆ ಮರಳಿದಳು.

ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ, ಬೇಲಿಯಾಚೆ ಅದೇ ದನಿ.

"ಮಲ್ಲಿಗಾ! ನೀವು ಸೋಮನೂರಲ್ಲಿ..." ಅವಳ ಹಣೆ ನೋಡಿ ಮಾತು ನಿಂತಿತು.

"ಏನು ಬಂದ್ರಿ?"

"ಬೆಟ್ಟದ ದಾರಿಗಳನ್ನ ಪುಸ್ತಕ ಮಾಡ್ತಿದ್ದೀನಿ. ಈ ದಾರೀಲಿ ಜನರನ್ನ ಬಿಡ್ತೀರಾ ಅಂತ ನಿಮ್ಮಪ್ಪನ್ನ ಕೇಳೋಕೆ."

ಅವನು ನೋಟ್‌ಬುಕ್ಕು ತೆರೆದ.

"ನನಗೆ ಕನ್ನಡ ಓದಕ್ಕೆ ಬರಲ್ಲ. ಏನ್ ಬರ್ದಿದೆ?"

"ಕೊಕ್ಕುಮಲೆ. ಬೇಲಿ ಮುಚ್ಚಿದೆ. ದಾರಿ ಇಲ್ಲ."

"ಮುಚ್ಚಿದ್ದು ಯಾರು?" ಅವಳು ನೋಟ್‌ಬುಕ್ಕನ್ನು ಆಚೆ ತಳ್ಳಿದಳು. "ತಿಂಗಳ್ಗೆ ಬರ್ತೀನಿ ಅಂದ್ರಿ. ಮೂರು ತಿಂಗಳ್ಕೆಳಮೆ ಇಲ್ಲೇ ಕಾದೆ!"

"ತಿಂಗಳ್ಕೆಳಮೆ?"

"ಅದೇ, ನೀವು ಸೋಮವಾರ ಅಂತೀರಲ್ಲ..."

ಅವನ ಮುಖ ಬಿಳಿಚಿಕೊಂಡಿತು.

"ಮಲ್ಲಿಗಾ... ನಾನು ಹೇಳಿದ್ದು ಒಂದು ತಿಂಗಳು. ಮೂವತ್ತನೇ ದಿನ ಅಮ್ಮನ್ನ ಕರ್ಕೊಂಡೇ ಬಂದೆ. ಇಲ್ಲಿ ಚಪ್ಪರ ಬಿಚ್ತಾ ಇದ್ರು."

"ಅದು... ಅದಕ್ಕೆ ನಾವು ಮಾಸ ಅಂತೀವಲ್ವಾ?"

ಒಂದೇ ಒಂದು ಮಾತು! ಅದಕ್ಕೆ ಐದು ವರ್ಷ ಹೋಯಿತು. ಮಲ್ಲಿಗಾ ಬೇಲಿಯ ಗೂಟ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಅವನೂ ಆಚೆ ನಿಂತು ಅತ್ತ.

"ಅಮ್ಮ ಎಷ್ಟೋ ಹೆಣ್ಣು ತೋರಿಸಿದಳು. ನನ್ನಿಂದಾಗಲಿಲ್ಲ. ಈಗಲೂ ನನಗೆ ನೀನೇ ಬೇಕು."

"ತಾಳಿ ತೆಗ್ದವಳು ನಾನು... ಊರು ಏನನ್ನುತ್ತೆ?"

"ಊರನ್ನ ಆಮೇಲೆ ಕೇಳ್ತೀನಿ. ನಿನ್ನ ಕೇಳ್ತಿದ್ದೀನಿ."

ಅವಳು ಬೇಲಿಯ ತಡಿಕೆಗೆ ಕಟ್ಟಿದ್ದ ಹಗ್ಗ ಬಿಚ್ಚಿದಳು.

"ಅಪ್ಪ ಇವತ್ತು ಸಂತೆಗೆ ಹೋಗವ್ರೆ."

"ಹಾಗಾದ್ರೆ ತಿಂಗಳಿಗೆ ಬರ್ತೀನಿ."

ಅವಳು ಬೆಚ್ಚಿ ತಲೆಯೆತ್ತಿದಳು. "ಯಾವ ತಿಂಗಳು?"

"ನಿಮ್ಮ ತಿಂಗಳು, ಮಲ್ಲಿಗಾ. ನಾಳೆ."