ಕರವಸ್ತ್ರದಲ್ಲಿ ಹಲ್ಲಿನ ಸೆಟ್ಟು

ಹರಳೆಣ್ಣೆ ಕುಡಿದ ತೊಗಲಿನ ವಾಸನೆ ಮೂಗಿಗೆ ಬಡಿದೊಡನೆ ಸರ್ಕಲ್ ಇನ್ಸ್‌ಪೆಕ್ಟರ್ ಮುರುಗೇಶಪ್ಪನವರಿಗೆ ಜಗಳೂರಿನ ತಮ್ಮ ಹೊಲದ ಬಾವಿ ನೆನಪಾಯಿತು. ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ತೊಗಲು ಬಾನಿ ಬಿರಿಯದಿರಲೆಂದು ಅಪ್ಪ ಅಮಾವಾಸ್ಯೆಗೊಮ್ಮೆ ಅದಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದರು. ಕೈಯಲ್ಲಿ ಉಳಿದದ್ದನ್ನು ಮಗನ ನೆತ್ತಿಗೆ ಸವರುತ್ತಿದ್ದರು. ನಲವತ್ತು ವರ್ಷದ ಮೇಲೆ ಅದೇ ವಾಸನೆ ಚನ್ನಗಿರಿಯ ಆಟದ ಮೈದಾನದ ತಗಡಿನ ಶೆಡ್ಡಿನಲ್ಲಿ, ಹೆಣವೊಂದರ ಪಕ್ಕದಲ್ಲಿ ಸಿಕ್ಕಿತ್ತು.

ಅಂದು 1979ರ ಅಕ್ಟೋಬರ್ 15, ಸೋಮವಾರ. ಮೈದಾನದ ಬಾಗಿಲಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮಾರುವ ದುರುಗಕ್ಕ ಬೆಳಗ್ಗೆ 6.40ಕ್ಕೆ ಠಾಣೆಗೆ ಓಡಿಬಂದಿದ್ದಳು. ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಓಂಕಾರಪ್ಪ ಶೆಡ್ಡಿನಲ್ಲಿ ಸತ್ತುಬಿದ್ದಿದ್ದಾರೆ ಎಂಬ ಅವಳ ಹೇಳಿಕೆಯ ಮೇಲೆ ಏಳು ಗಂಟೆಗೆ ಎಫ್‌ಐಆರ್ ದಾಖಲಾಯಿತು: ಸೆಕ್ಷನ್ 302, ಕೊಲೆ, ಆರೋಪಿ ಅಪರಿಚಿತ.

ಶೆಡ್ಡಿನ ಮೂಲೆಯಲ್ಲಿ ಎಣ್ಣೆ ಹಚ್ಚಿದ ತೊಗಲಿನ ಬಾಲುಗಳು, ನಡುವೆ ಮೈದಾನ ಸಮ ಮಾಡುವ ಕಲ್ಲಿನ ರೋಲರ್ ಇತ್ತು. ಅದರ ಅಂಚಿಗೆ ರಕ್ತ ಅಂಟಿತ್ತು. ಓಂಕಾರಪ್ಪನವರ ತಲೆಯ ಹಿಂಭಾಗಕ್ಕೆ ಒಂದೇ ಪೆಟ್ಟು. ಆದರೆ ಹೆಣ ಮಗ್ಗುಲಾಗಿ ಮಲಗಿತ್ತು. ಒಂದು ಮೊಣಕಾಲು ಮಡಚಿತ್ತು, ಕೆನ್ನೆಯ ಕೆಳಗೆ ಅಂಗೈ ಇತ್ತು. ತಲೆಯ ಬಳಿ ಕರವಸ್ತ್ರದ ಸಣ್ಣ ಗಂಟು. ಬಿಚ್ಚಿದರೆ ಒಳಗೆ ಅವರ ಹಲ್ಲಿನ ಸೆಟ್ಟು.

"ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ದೇವ್ರಾಣೆ ಇಲ್ಲ ಸಾಹೇಬ್ರೆ," ಅಂದಳು ದುರುಗಕ್ಕ. "ನೆಟ್ಟಗೆ ಮಲಗಿಸಾನ ಅನ್ನಿಸ್ತು. ಪೊಲೀಸ್ನೋರು ಬೈತಾರೆ ಅಂತ ಬಿಟ್ಟೆ."

"ಒಳ್ಳೇದು ಮಾಡಿದಿ ತಾಯಿ." ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದರು. "ಹಾಲೇಶಪ್ಪ, ಪೆಟ್ಟು ತಿಂದು ಬಿದ್ದೋರು ಹಿಂಗೆ ಬೀಳ್ತಾರೇನ್ರಿ?"

"ಇಲ್ಲ ಸಾ. ಯಾರೋ ಮಲಗಿಸ್ಯಾರೆ. ತಾಯಿ ಕೂಸಿನ್ನ ಮಲಗಿಸ್ದಂಗೆ."

ಪಂಚರು ಬಂದರು. ಅಷ್ಟರಲ್ಲಿ ಓಂಕಾರಪ್ಪನವರ ಅಣ್ಣ, ಮಂಡಿ ಸಾಹುಕಾರ ಜಯದೇವಪ್ಪ, ಕಣ್ಣು ಕೆಂಪಗೆ ಮಾಡಿಕೊಂಡು ಬಂದು ನಿಂತರು.

"ಮಲಗಿದ್ದು, ಹಲ್ಲು, ಇದೆಲ್ಲ ಯಾಕ್ರೀ ಬರೀತೀರಿ? ನನ್ ತಮ್ಮನ್ನ ಕೊಂದಾರೆ. ಅಷ್ಟು ಬರೀರಿ ಸಾಕು. ಕೊಂದೋನು ನೇಣಿಗೇರಬೇಕು."

ಮುರುಗೇಶಪ್ಪನವರು ತಮ್ಮ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟರು. ನೀರು ತರಿಸಿ ಕುಡಿಸಿದರು. "ಕಂಡಿದ್ದನ್ನ ಕಂಡಂಗೆ ಬರೀಬೇಕು ಯಜಮಾನ್ರೆ. ಬರೀದೆ ಬಿಟ್ಟ ಸಾಲಿಂದ ಒಂದು ಜೀವ ಹೋದ್ರೆ ಆ ಪಾಪ ನಂದು." ಪಂಚನಾಮೆಯಲ್ಲಿ ನಾಲ್ಕು ಸಾಲು ತಾವೇ ಹೇಳಿ ಬರೆಸಿದರು. ಪಂಚರ ಸಹಿ ಬಿದ್ದಾಗ 9.15.

ಆಮೇಲೆ ಕರವಸ್ತ್ರವನ್ನು ಮೂಸಿದರು. ಅದೇ ಹರಳೆಣ್ಣೆ.

"ಬಾಲಿಗೆ ಎಣ್ಣೆ ಹಚ್ಚೋರು ಯಾರಮ್ಮ?"

"ಕೋಚ್ ರೇವಣ್ಣ. ಬ್ಯಾರೆಯೋರು ಮುಟ್ಟಿದ್ರೆ ಬೈತಾನೆ. ಬೆಂಗಳೂರ್ನಾಗೆ ಯಾವ್ದೋ ಫ್ಯಾಕ್ಟರಿ ಟೀಮಿಗೆ ಹನ್ನೊಂದು ವರ್ಷ ಆಡಿದೋನು ಸಾಹೇಬ್ರೆ. ನಮ್ಮೂರಾಗೆ ಬಾಲ್ ಒದ್ದು ಪಗಾರ ತಗಂಡೋನು ಅವ್ನೊಬ್ನೆ. ಉಳಿದೋರೆಲ್ಲ ಒದ್ದು ಮನ್ಯಾಗೆ ಬೈಸ್ಕಂಡೋರು." ನಗಲು ಹೋದವಳು ಹೆಣದ ಕಡೆ ನೋಡಿ ಸೆರಗು ಬಾಯಿಗಿಟ್ಟುಕೊಂಡಳು.

ರೇವಣ್ಣನ ಕೋಣೆಗೆ ಬೀಗ ಬಿದ್ದಿತ್ತು. ಓಂಕಾರಪ್ಪನವರ ಮನೆಯಲ್ಲಿ ಹೆಂಡತಿ ಪ್ರೇಮಮ್ಮ ಗೋಡೆಗೊರಗಿ ಕೂತಿದ್ದರು. ಪಂದ್ಯ ಇದ್ದ ದಿನಗಳಲ್ಲಿ ಗಂಡ ಶೆಡ್ಡಿನಲ್ಲೇ ಮಲಗುವುದು ರೂಢಿ, ಹಾಗಾಗಿ ಹುಡುಕಲಿಲ್ಲ ಅಂದರು. ಅನುಮಾನ ಯಾರ ಮೇಲೆ ಎಂದು ಕೇಳಿದಾಗ ಗೊತ್ತಿಲ್ಲವೆಂದು ತಲೆಯಾಡಿಸಿದರು.

"ರೇವಣ್ಣನ್ನ ಕೇಳ್ರಿ, ಅವ್ನಿಗೆ ಗೊತ್ತಿರ್ತದೆ. ಆಟ ಇದ್ದಾಗೆಲ್ಲ ಇಬ್ರಿಗೂ ಒಂದೇ ಬುತ್ತಿ ಕಟ್ತಿದ್ದೆ. ಮನಿ ಮಗನಂಗೆ ಅವ್ನು."

ಮುರುಗೇಶಪ್ಪನವರು ಕೈಮುಗಿದು ಹೊರಗೆ ಬಂದರು.

ಮಧ್ಯಾಹ್ನ ಒಂದು ಗಂಟೆಗೆ ಕೆರೆಬಿಳಚಿಯ ಲಾರಿ ಡ್ರೈವರ್ ಸಿಕ್ಕ. ಭಾನುವಾರ ಸಂಜೆ ಏಳಕ್ಕೆ ಇಬ್ಬರನ್ನು ಶಿವಮೊಗ್ಗಕ್ಕೆ ಹತ್ತಿಸಿಕೊಂಡಿದ್ದನಂತೆ.

"ಒಬ್ನು ಗೋಲು ಕಾಯೋ ಮರುಳಪ್ಪ. ಆಟದಾಗೆ ತಲೆಗೆ ಪೆಟ್ಟು ಬಿದ್ದು ವಾಂತಿ ಮಾಡ್ತಿದ್ದ. ರೇವಣ್ಣ ದಾರಿ ಪೂರಾ ಅವನ್ನ ಮಗ್ಗುಲಾಗೇ ಮಲಗಿಸಿ ತಲೆ ಹಿಡ್ಕಂಡಿದ್ದ. ಅಂಗಾತ ಮಾಡಾಕೆ ಬಿಡ್ಲೇ ಇಲ್ಲ."

ಹಾಲೇಶಪ್ಪ ಇನ್ಸ್‌ಪೆಕ್ಟರ ಮುಖ ನೋಡಿದ. ಇನ್ಸ್‌ಪೆಕ್ಟರು ಜೀಪಿನ ಕಡೆ ನಡೆದಿದ್ದರು.

ಸಂಜೆ 4.20ಕ್ಕೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮರುಳಪ್ಪನ ಮಂಚದ ಪಕ್ಕ ಎತ್ತರದ ಆಳೊಬ್ಬ ಬಲಗಾಲು ಚಾಚಿ ಕೂತಿದ್ದ. ಆ ಕಾಲು ಮಡಚುತ್ತಿರಲಿಲ್ಲ. ಖಾಕಿ ಕಂಡು ಎದ್ದು ನಿಂತ.

"ಬರ್ತೀನಿ ಸಾ. ಇವ್ನು ಕಣ್ಣು ಬಿಡ್ಲಿ ಅಂತ ಕಾಯ್ತಿದ್ದೆ. ಈಗ ಬಿಟ್ಟ."

"ಓಂಕಾರಪ್ಪನ್ನ ಹೊಡೆದೋರು ಯಾರು?"

"ನಾನೇ ತಳ್ಳಿದ್ದು."

"ಯಾಕೆ?"

ರೇವಣ್ಣ ಮರುಳಪ್ಪನ ಹೊದಿಕೆ ಸರಿಮಾಡಿದ. "ಎರಡು ವರ್ಷದ ಹಿಂದೆ ಹೊನ್ನಾಳಿ ಪಂದ್ಯದಾಗೆ ನನ್ ತಮ್ಮನ ತಲೆಗೂ ಹಿಂಗೇ ಪೆಟ್ಟು ಬಿತ್ತು. ನೀರು ಚಿಮುಕಿಸಿ ಮತ್ತೆ ಆಡ್ಸಿದ್ರು. ಆಮೇಲೆ ಬಿದ್ದಾಗ ಅಂಗಾತ ಮಲಗಿಸಿದ್ರು. ವಾಂತಿ ಗಂಟಲಿಗೆ ಸಿಕ್ಕು ಹೋದ. ಆವತ್ತು ನಾನು ಬೆಂಗಳೂರಾಗೆ ಆಡ್ತಿದ್ದೆ. ಹೆಂಗೆ ಮಲಗಿಸಬೇಕಿತ್ತು ಅಂತ ನಮ್ ಟೀಮಿನ ಡಾಕ್ಟರು ಆಮೇಲೆ ತೋರಿಸಿದ್ರು."

"ಆಡ್ಸಿದ್ದು ಓಂಕಾರಪ್ಪನೇ?"

"ಅವ್ರೇ. ಗೊತ್ತಿಲ್ದೆ ಮಾಡಿದ್ರು. ತಿಥಿಗೆ ಬಂದು ನನ್ ಕಾಲು ಹಿಡ್ದು ಅತ್ರು ಸಾ. ನನ್ ಮೊಣಕಾಲು ಹೋದ್ಮೇಲೆ ಊರಿಗೆ ಕರೆಸಿ ಕೆಲ್ಸ ಕೊಟ್ಟೋರೂ ಅವ್ರೇ. ನಿನ್ನೆ ಮರುಳಪ್ಪ ವಾಂತಿ ಮಾಡ್ತಾ ಕೂತಿದ್ದ. 'ನಾಳೆ ಫೈನಲ್ಲು, ಸುಣ್ಣದ ನೀರು ಕುಡಿಸಿ ಗೋಲಿಗೆ ನಿಲ್ಸು' ಅಂದ್ರು. ಆಸ್ಪತ್ರೆಗೆ ಒಯ್ತೀನಿ ಅಂದ್ರೆ ಬಾಗಿಲಿಗೆ ಅಡ್ಡ ನಿಂತ್ರು. ತಳ್ಳಿದೆ."

"ಆಮೇಲೆ?"

"ಗಂಟಲಿಗೆ ಸಿಗಬಾರ್ದು ಅಂತ ಹಲ್ಲಿನ ಸೆಟ್ಟು ತೆಗೆದು ಕಟ್ಟಿಟ್ಟೆ, ಮಗ್ಗುಲಾಗೆ ತಿರುಗಿಸ್ದೆ. ಉಸಿರು ಬರ್ಲಿಲ್ಲ. ಇವನ್ಗೆ ಇನ್ನೂ ಉಸಿರಿತ್ತು. ಇವನ್ನ ಹೊತ್ಕಂಡು ರಸ್ತೆಗೆ ಬಂದೆ."

4.50ಕ್ಕೆ ದಸ್ತಗಿರಿ ಆಯಿತು. ಮೆಟ್ಟಿಲಿಳಿಯುವಾಗ ಅವನ ಕಾಲು ತಡವರಿಸಿತು. ಹಾಲೇಶಪ್ಪ ಹೆಗಲು ಕೊಟ್ಟ. ದೂರದಿಂದ ನೋಡಿದವರಿಗೆ ಪೆಟ್ಟಾದ ಆಟಗಾರನನ್ನು ಜೊತೆಯವನು ಮೈದಾನದಿಂದ ಕರೆದೊಯ್ಯುತ್ತಿರುವಂತೆ ಕಾಣುತ್ತಿತ್ತು.

ಮೊಕದ್ದಮೆ ಶಿವಮೊಗ್ಗದ ಸೆಷನ್ಸ್ ಕೋರ್ಟಿನಲ್ಲಿ ನಡೆಯಿತು. ಜಯದೇವಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಹಳೆಯ ದ್ವೇಷದ ಕೊಲೆ, ರೇವಣ್ಣ ತನ್ನ ತಮ್ಮನ ಸಾವಿಗೆ ತೀರಿಸಿಕೊಂಡ ಸೇಡು ಎಂದು ಸರ್ಕಾರಿ ವಕೀಲರು ವಾದಿಸಿದರು. ಪಂಚನಾಮೆಯ ಆ ನಾಲ್ಕು ಸಾಲನ್ನು ನ್ಯಾಯಾಧೀಶರು ಎರಡು ಸಲ ಓದಿಸಿದರು. ಎರಡನೆಯ ಸಲ ಹೆಂಗಸರ ಬೆಂಚಿನಲ್ಲಿದ್ದ ಪ್ರೇಮಮ್ಮ ತಲೆಯೆತ್ತಿದರು. ಗಂಡನ ಹಲ್ಲಿನ ಸೆಟ್ಟನ್ನು ಯಾರೋ ಮಣ್ಣಾಗದಂತೆ ಕಟ್ಟಿಟ್ಟಿದ್ದರು ಎಂಬುದನ್ನು ಅವರು ಕೇಳಿದ್ದು ಅದೇ ಮೊದಲು.

1980ರ ಮೇ ತಿಂಗಳಲ್ಲಿ ತೀರ್ಪು ಬಂತು. ಕೊಲೆಯ ಆರೋಪ ನಿಲ್ಲಲಿಲ್ಲ. ಕೊಲೆಯಲ್ಲದ ನರಹತ್ಯೆಗೆ ನಾಲ್ಕು ವರ್ಷ ಸಜೆ. ಜಯದೇವಪ್ಪ ಶಲ್ಯ ಕೊಡವಿ ಹೊರಟುಹೋದರು. ಮರುಳಪ್ಪ ಕಂಬಕ್ಕೊರಗಿ ಮಗುವಿನಂತೆ ಅತ್ತ.

ಹೊರಗೆ ಹೊಂಗೆಮರದ ಕೆಳಗೆ ಪೊಲೀಸ್ ವ್ಯಾನಿಗೆ ಕಾಯುತ್ತಿದ್ದಾಗ ಪ್ರೇಮಮ್ಮ ಹತ್ತಿರ ಬಂದರು. ಕೈಯಲ್ಲಿ ಬಿಳಿ ಬಟ್ಟೆಯ ಗಂಟಿತ್ತು. ರೊಟ್ಟಿಯ, ಶೇಂಗಾ ಚಟ್ನಿಯ ವಾಸನೆ ಮುರುಗೇಶಪ್ಪನವರ ತನಕ ಬಂತು. ಬೆಳಗ್ಗೆಯೇ, ತೀರ್ಪು ಏನಾಗುತ್ತದೋ ತಿಳಿಯುವ ಮೊದಲೇ ಕಟ್ಟಿದ ಬುತ್ತಿ ಅದು.

ಇನ್ಸ್‌ಪೆಕ್ಟರು ಕಣ್ಸನ್ನೆ ಮಾಡಿದರು. ಹಾಲೇಶಪ್ಪ ಒಂದು ಕೈಯ ಬೇಡಿ ಬಿಚ್ಚಿ ಆ ಕಡೆ ತಿರುಗಿ ನಿಂತ. ಪ್ರೇಮಮ್ಮ ರೇವಣ್ಣನ ಮುಖ ನೋಡಲಿಲ್ಲ, ಮಾತನ್ನೂ ಆಡಲಿಲ್ಲ. ಬುತ್ತಿಯನ್ನು ಅವನ ಅಂಗೈ ಮೇಲಿಟ್ಟು, ಅದು ಬೀಳದಂತೆ ಅವನ ಬೆರಳುಗಳನ್ನು ಮಡಚಿದರು.